ಕೊಟ್ರಬಸಪ್ಪನವರ ಹೆಸರಿನ ಕಾರು

ಹರಿಹರ
ಹದಿಮೂರನೆಯ ತಿಂಗಳ ಐದು, ೨೦೯೮

ಮುತ್ತಜ್ಜಿ ವಿಶಾಲಾಕ್ಷಿಯವರಿಗೆ ಮರಿಮಗಳು ಇಂಚರ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ವರ್ಷಕ್ಕೆ ತಿಂಗಳು ಹದಿಮೂರು. ನನ್ನ ಕನ್ನಡ ನಿಮಗೆ ಒರಟಾಗಿ ಕೇಳಿದರೆ ಕ್ಷಮಿಸಿ. ಹುಟ್ಟುವ ಮೊದಲೇ ಹಿರಿಯರಿಗೆ ಬುದ್ಧಿ ಹೇಳಲು ಹೊರಟಿದ್ದೇನೆ, ಅದಕ್ಕೂ ಕ್ಷಮಿಸಿ. ಮೂರು ಸಲ ಬರೆದು ಮೂರು ಸಲವೂ ಹರಿದು ಹಾಕಿದೆ. ಕೂತಲ್ಲಿ ಕೂರಲಾಗುತ್ತಿಲ್ಲ.

ಹಿಂದಿನವರಿಗೆ ಬರೆಯುವ ಈ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಒಬ್ಬರಿಗೆ ಜನ್ಮಕ್ಕೆ ಒಂದೇ. ಅದನ್ನು ಕಳಿಸುವ ಓಲೆಕಟ್ಟೆಯ ಗುಮಾಸ್ತರು ಪ್ರತಿ ಸಾಲನ್ನೂ ಓದುತ್ತಾರೆ. ನಿಮಗೆ ಆಗಲಿರುವ ಅಪಘಾತದ ದಿನವನ್ನಾಗಲಿ ದಾರಿಯನ್ನಾಗಲಿ ಬರೆದರೆ ಅಳಿಸಿಬಿಡುತ್ತಾರೆ. ಆಗುವುದನ್ನು ತಪ್ಪಿಸಕೂಡದು, ಆಮೇಲಿನ ಬದುಕನ್ನಷ್ಟೇ ಬದಲಿಸಬಹುದು ಎಂಬುದು ಕಾನೂನು. ಇಂಥ ಕಾನೂನು ಮಾಡಿದವರ ಮನೆ ಹಾಳಾಗ.

ನಮ್ಮ ಕಾಲದಲ್ಲಿ ಕಾರು ಯಾರ ಹೆಸರಿನಲ್ಲೂ ಇರುವುದಿಲ್ಲ. ಬಾಗಿಲಿಗೆ ಬರುವ ಗಾಡಿ ತಾನೇ ಓಡುವುದರಿಂದ ಅದಕ್ಕೆ ತಾನೋಡ ಎನ್ನುತ್ತೇವೆ. ಅದರಲ್ಲಿ ಎದುರುಬದುರು ಕುಳಿತು ಅವರೆಕಾಯಿ ಸುಲಿಯುತ್ತ ದಾವಣಗೆರೆಗೆ ಹೋಗಿಬರುತ್ತೇವೆ. ಮಗು ಹುಟ್ಟಿದ ವಾರದೊಳಗೆ ಮೈಹೊಣೆ ಬರೆಯುತ್ತಾರೆ: ಆ ಜೀವ ಎಲ್ಲಿ ಕುಳಿತರೂ, ಎಲ್ಲಿ ಬಿದ್ದರೂ ಅದು ಊರಿನ ಹೊಣೆ. ಹಾಗಾಗಿ ನಿಮ್ಮ ಕಾರಿನ ಹಳೆಯ ವಿಮೆ ಪಾಲಿಸಿ ಸಿಕ್ಕಿದಾಗ ನನಗೆ ತಲೆಬುಡ ಅರ್ಥವಾಗಲಿಲ್ಲ. ಬಂಪರಿಗೆ ಕವರ್ ಇದೆ, ಗಾಜಿಗೆ ಇದೆ, ಕಳೆದುಹೋಗುವ ಕೀಲಿಗೂ ಇದೆ. ಓಡಿಸುವವರಿಗೆ ಮಾತ್ರ ಇಲ್ಲ.

ಯಾಕೆಂದು ಸಿಂಚನಾ ಅಜ್ಜಿ ಹೇಳಿದರು. ಹೌದು, ಒಂಬತ್ತನೇ ಕ್ಲಾಸಿನಲ್ಲಿರುವ ನಿಮ್ಮ ಮಗಳೇ. ಈಗ ಆಕೆಗೆ ಎಂಬತ್ತೆಂಟು. ನೀವು ರೊಟ್ಟಿ ಮಾರಿ ಕೊಂಡ ಕಾರನ್ನು ಗೌರವಕ್ಕೆಂದು ಮಾವ ಕೊಟ್ರಬಸಪ್ಪನವರ ಹೆಸರಿಗೆ ಮಾಡಿಸಿದಿರಿ. ಅವರಿಗೆ ಲೈಸೆನ್ಸೇ ಇಲ್ಲ. ಮೈಗೆ ಪೆಟ್ಟಾದರೆ ದುಡ್ಡು ಕೊಡುವ ಪರ್ಸನಲ್ ಆಕ್ಸಿಡೆಂಟ್ ಕವರ್ ಸಿಗುವುದು ಗಾಡಿ ಓಡಿಸುವ ಮಾಲೀಕರಿಗೆ. ಅವರು ಓಡಿಸುವವರಲ್ಲ, ನೀವು ಮಾಲೀಕರಲ್ಲ. ‘ಗಾಡಿ ನಿಮ್ಮ ಹೆಸರಿಗೆ ಮಾಡಿಸ್ಕಳ್ರಿ, ಆಮೇಲೆ ಹಾಕಾಣ’ ಎಂದು ಏಜೆಂಟ್ ಹೇಳಿದಾಗ, ‘ಮಾವರ ಮುಂದೆ ಹೆಂಗ್ ಕೇಳ್ಲಿ, ಬ್ಯಾಸ್ರ ಮಾಡ್ಕಂತಾರೆ’ ಎಂದು ಸುಮ್ಮನಾದಿರಿ.

ಅಪಘಾತವಾದ ಮೇಲೆ ಕಾರು ಹೊಸ ಬಂಪರ್ ಹಾಕಿಸಿಕೊಂಡು ಒಂಬತ್ತೇ ದಿನಕ್ಕೆ ಮನೆಗೆ ಬಂತು. ನೀವು ಬಂದದ್ದು ಮೂರು ತಿಂಗಳಿಗೆ, ಎಡಗಾಲಿಲ್ಲದೆ. ನೋಡಿಕೊಳ್ಳಲು ಆಳು ಇಡುವ ಶಕ್ತಿ ಮನೆಗೆ ಇರಲಿಲ್ಲ. ಗಣಿತದಲ್ಲಿ ನೂರಕ್ಕೆ ನೂರು ತೆಗೆಯುತ್ತಿದ್ದ ಸಿಂಚನಾ ಶಾಲೆ ಬಿಟ್ಟು ನಿಮ್ಮ ಆರೈಕೆಗೂ ರೊಟ್ಟಿ ತಟ್ಟುವುದಕ್ಕೂ ನಿಂತರು. ಇವತ್ತಿಗೂ ಪಕ್ಕದ ಮನೆ ಹುಡುಗಿಯ ಲೆಕ್ಕದ ಪುಸ್ತಕ ಕೈಗೆ ಸಿಕ್ಕರೆ ಕಿಟಕಿಯ ಬಳಿ ಕುಳಿತು ಒಂದೊಂದೇ ಬಿಡಿಸುತ್ತಾರೆ, ಯಾರಾದರೂ ಬಂದರೆ ಮುಚ್ಚಿಡುತ್ತಾರೆ.

ಇನ್ನು ನನ್ನ ಸಂಕಟ ಕೇಳಿ. ರೊಟ್ಟಿಗೆ ಜೋಳ ಬೀಸಿಸಲು ಹೋಗುತ್ತಿದ್ದ ಗಿರಣಿಯಲ್ಲೇ, ಎಷ್ಟೋ ವರ್ಷದ ಮೇಲೆ, ಅಜ್ಜಿಗೆ ನನ್ನ ಅಜ್ಜನ ಪರಿಚಯವಾಯಿತು. ಆಕೆ ಕಾಲೇಜಿಗೆ ಹೋದರೆ ಗಿರಣಿಗೆ ಹೋಗುವುದಿಲ್ಲ. ನನ್ನ ಅಮ್ಮ ಹುಟ್ಟುವುದಿಲ್ಲ, ನಾನೂ ಇಲ್ಲ. ಅಜ್ಜಿಗೆ ಇದೆಲ್ಲ ಗೊತ್ತು. ‘ಹೋಗಿದ್ದು ಹೋತು, ಸುಮ್ಕಿರು ಮಗಳೆ. ನನಗೆ ಲೆಕ್ಕ ಬ್ಯಾಡ, ನೀನು ಬೇಕು’ ಎಂದು ನಿನ್ನೆ ನನ್ನ ಕೈಯಿಂದ ಕಾಗದ ಕಿತ್ತುಕೊಂಡರು.

ಓಲೆಕಟ್ಟೆ ನಾಲ್ಕು ಗಂಟೆಗೆ ಮುಚ್ಚುತ್ತದೆ. ಸುಳ್ಳೇಕೆ ಹೇಳಲಿ, ನನಗೆ ಭಯವಾಗುತ್ತಿದೆ. ನನಗೆ ಈ ಮನೆ ಇಷ್ಟ, ಈ ಊರು ಇಷ್ಟ, ಬದುಕು ಇಷ್ಟ. ಆದರೆ ಹದಿನೈದು ವರ್ಷದ ಹುಡುಗಿಯ ಓದನ್ನು ತಿಂದು ಹುಟ್ಟಿದವಳು ನಾನು ಎಂದು ತಿಳಿದೂ ಸುಮ್ಮನಿರಲಾರೆ. ಪಾಲಿಸಿಯ ರಿನ್ಯೂವಲ್‌ಗೆ ಇನ್ನೂ ಸಮಯವಿದೆ. ಇವತ್ತೇ ಮಾವನವರನ್ನು ಕೇಳಿ. ಬೈದರೆ ಬೈಸಿಕೊಳ್ಳಿ, ಬೈಗುಳದಿಂದ ಮೈಗೇನೂ ಗಾಯವಾಗುವುದಿಲ್ಲ. ಗಾಡಿ ನಿಮ್ಮ ಹೆಸರಿಗೆ ಬರಲಿ, ಕವರ್ ಹಾಕಿಸಿ, ಮಗಳನ್ನು ಶಾಲೆ ಬಿಡಿಸಬೇಡಿ.

ಅಜ್ಜಿ ಒಳಗಿನಿಂದ ನನ್ನ ಹೆಸರು ಹಿಡಿದು ಕರೆಯುತ್ತಿದ್ದಾರೆ. ಎಲ್ಲಿಗೆ ಹೊರಟಿದ್ದೇನೆಂದು ಅವರಿಗೆ ತಿಳಿಸಿಲ್ಲ. ‘ಹೋಗಿಬರ್ತೀನಿ ಅಜ್ಜಿ’ ಎಂದಷ್ಟೇ ಹೇಳಿ ಹೊರಡುತ್ತೇನೆ.