ಒಂದು ಗಂಟು, ಮೂರು ಗಂಟು

ಜೂನ್ 9, ಸೋಮವಾರ

ಆರೂವರೆಯ ಮೆಟ್ರೊ. ಉಪ್ಪಲ್‌ನಲ್ಲೇ ಸೀಟು ಸಿಕ್ಕಿತು. ಅಮೀರ್‌ಪೇಟೆಯಲ್ಲಿ ಇಳಿದು ನಿಂತುಕೊಂಡೇ ಇಡ್ಲಿ. ಏಳೂವರೆಗೆ ಹೊಸ ಬ್ಯಾಚು — ಡೇಟಾಬೇಸ್ ಡಿಸೈನ್, ಆಮೇಲೆ ಅದರಿಂದ ಮಾಹಿತಿ ತೆಗೆಯುವ ಭಾಷೆ ಎಸ್‌ಕ್ಯೂಎಲ್. ಆರು ವಾರ, ಹನ್ನೊಂದು ಜನ. ಎಂಟು ವರ್ಷದಿಂದ ಅದೇ ಸ್ಲೈಡು, ಅದೇ ಜೋಕು.

ಮುಂದಿನ ಸಾಲಿನಲ್ಲಿ ನಲವತ್ತು ದಾಟಿದವರೊಬ್ಬರು. ಬಿಳಿ ಕೋಲು. ಲ್ಯಾಪ್‌ಟಾಪಿನ ಪರದೆ ಆಫ್, ಒಂದು ಕಿವಿಯಲ್ಲಿ ಇಯರ್‌ಫೋನ್. ಹೆಸರು ಸಂಗಣ್ಣ, ಸೇಡಂ ಕಡೆಯವರು. ಹುಟ್ಟಿನಿಂದಲೇ ಕಣ್ಣು ಕಾಣದು. ಬ್ಯಾಂಕೊಂದರಲ್ಲಿ ಟೆಲಿಫೋನ್ ಆಪರೇಟರ್. ಈಗ ಕರೆಗಳನ್ನೆಲ್ಲ ಮಶೀನೇ ಎತ್ತುತ್ತದಂತೆ.

"ಎಂಟ್ ತಾಸು ಸುಮ್ನ ಕೂಡ್ತೀನ್ರಿ ಮೇಡಂ. ಪಗಾರ ಐತಿ, ಕೆಲಸ ಇಲ್ಲ."

ಜುಲೈ 20ಕ್ಕೆ ಬ್ಯಾಂಕಿನ ಒಳಪರೀಕ್ಷೆ. ಪಾಸಾದರೆ ಡೇಟಾಬೇಸ್ ವಿಭಾಗಕ್ಕೆ ಹೋಗಬಹುದು.

ಜೂನ್ 10

ಟೇಬಲ್‌ಗಳ — ಮಾಹಿತಿಯ ಪಟ್ಟಿಗಳ — ನಕ್ಷೆ ಶುರು. ಆಸ್ಪತ್ರೆಯ ಉದಾಹರಣೆ: ರೋಗಿ, ಡಾಕ್ಟರು, ಭೇಟಿ, ಔಷಧದ ಚೀಟಿ. ಒಂದೊಂದಕ್ಕೆ ಒಂದು ಚೌಕ, ನಡುವೆ ಗೆರೆಗಳು. ಎಂದಿನಂತೆ ಹೇಳುತ್ತ ಹೋದೆ. ಕೊನೆಗೆ ಸಂಗಣ್ಣ ಕೈ ಎತ್ತಿದರು.

"ನೀವು 'ಇಲ್ಲಿಂದ ಇಲ್ಲಿಗೆ' ಅಂತ ಹದಿನೇಳ್ ಸಲ ಅಂದ್ರಿ. ಎಲ್ಲಿಂದ ಎಲ್ಲಿಗ್ರಿ?"

ಕ್ಲಾಸೆಲ್ಲ ನಕ್ಕಿತು. ಉತ್ತರ ಹೇಳೋಣವೆಂದು ಬಾಯಿ ತೆರೆದರೆ... ಮತ್ತೆ "ಇಲ್ಲಿ" ಎಂದೇ ಬಂತು.

ಜೂನ್ 13

ಮೂರು ದಿನ ಸಂಗಣ್ಣನವರಿಗೆ ಬರೀ ಮಾತಿನಲ್ಲಿ ನಕ್ಷೆ ಬಿಡಿಸಿದೆ. ಆರನೇ ಗೆರೆ ಬರುವಷ್ಟರಲ್ಲಿ ಮೊದಲನೆಯದು ಅವರಿಗೂ ಮರೆತಿರುತ್ತದೆ, ನನಗೂ.

ಮ್ಯಾನೇಜರ್ ವೈಭವ್ ಕರೆದ. "ಡಿಸೈನ್ ಬಿಟ್ಟು ಬರೀ ಎಸ್‌ಕ್ಯೂಎಲ್ ಕಲೀಲಿ ಮೇಡಂ. ಅವರಿಗೂ ಸುಲಭ, ನಿಮಗೂ ಸುಲಭ." ಒಂದು ಕ್ಷಣ ಹೌದೆನ್ನಿಸಿತು. ನಾಚಿಕೆಯೂ ಆಯಿತು. ಪರೀಕ್ಷೆಯಲ್ಲಿ ಡಿಸೈನಿಗೇ ನಲವತ್ತು ಅಂಕ.

ಜೂನ್ 15, ಭಾನುವಾರ

ಅತ್ತೆ ರವಿಕೆಗೆ ಹುಕ್ಕು ಹಚ್ಚುತ್ತ ಕೂತಿದ್ದರು. ನನ್ನ ಗೋಳು ಹೇಳಿಕೊಂಡೆ. ತಲೆಯನ್ನೂ ಎತ್ತಲಿಲ್ಲ.

"ನೋಡಾಕ ಆಗಂಗಿಲ್ಲಂದ್ರ ಮುಟ್ಟಸವಾ. ಅದಕ್ಯಾಕ ಇಷ್ಟ್ ಚಿಂತಿ?"

ಅಷ್ಟೇ! ಇಬ್ಬರೂ ಸುಲ್ತಾನ್ ಬಜಾರಿಗೆ ಹೋದೆವು. ಉಣ್ಣೆ ದಾರ, ಗುಂಡುಪಿನ್ನು, ರಟ್ಟು, ಮಖಮಲ್ಲಿನ ತುಂಡುಗಳು. ಮನೆಗೆ ಬಂದು ನೆಲದ ಮೇಲೆ ಹರಡಿಕೊಂಡೆವು. ಒಂದು ಟೇಬಲ್‌ಗೆ ಒಂದು ಬಟ್ಟೆಯ ಚೌಕ, ಸಂಬಂಧಕ್ಕೆ ದಾರ. ಒಬ್ಬ ರೋಗಿಗೆ ಹಲವು ಭೇಟಿಗಳಿರುತ್ತವೆ. ಅದಕ್ಕೆ ರೋಗಿಯ ಕಡೆ ಒಂದು ಗಂಟು, ಭೇಟಿಯ ಕಡೆ ಮೂರು. ಒಂದು ಅಂದರೆ ಒಂದೇ, ಮೂರು ಅಂದರೆ ಎಷ್ಟಾದರೂ.

"ಮೂರು ಗಂಟು ಹಾಕಿದ್ರ ಒಬ್ಬಾಂವ ಗಂಡ ಅಂತ ನಾವು ತಿಳದೀವಿ," ಅಂದರು ಅತ್ತೆ. "ನಿಮ್ಮ ಕಂಪ್ಯೂಟರ್‌ದಾಗ ಎಷ್ಟಾದ್ರೂ ನಡೀತೈತೇನು?"

ನಕ್ಕು ನಕ್ಕು ಪಿನ್ನು ಚುಚ್ಚಿಕೊಂಡೆ.

ಜೂನ್ 16

ಸ್ಲೈಡಿನಲ್ಲಿದ್ದಂತೆಯೇ ದಾರ ಕಟ್ಟಿಕೊಂಡು ಹೋಗಿದ್ದೆ. ಸಂಗಣ್ಣ ರಟ್ಟನ್ನು ತೊಡೆಯ ಮೇಲಿಟ್ಟುಕೊಂಡರು. ಯಾವ ಚೌಕ ಯಾವುದು, ಗಂಟಿನ ಲೆಕ್ಕವೇನು ಎಂದು ಹೇಳಿಕೊಟ್ಟೆ. ಹತ್ತು ಬೆರಳೂ ಓಡಿದವು. ನಾಲ್ಕೇ ನಿಮಿಷ.

"ಮೇಡಂ, ಈ ಚೀಟಿ ದಾರ ಸೀದಾ ರೋಗಿಗೆ ಹೋಗೇತ್ರಿ."

"ಹೌದು. ರೋಗಿಯ ಚೀಟಿ ಅಲ್ವಾ?"

"ನಾ ಜನವರಿದಾಗ ಜ್ವರಕ್ಕ ಹೋದೆ, ಮಾರ್ಚ್‌ನ್ಯಾಗ ಹೊಟ್ಟಿನೋವಿಗೆ ಹೋದೆ. ಈ ಗುಳಿಗಿ ಯಾವಾಗ ಬರದದ್ದು? ಯಾವ ಡಾಕ್ಟರ್ ಬರದದ್ದು? ದಾರ ಭೇಟಿಗೆ ಹೋಗಬೇಕಲ್ರಿ!"

ಸ್ಲೈಡು ನೋಡಿದೆ. ಆ ಗೆರೆ ಭೇಟಿಯ ಚೌಕದ ಹಿಂದೆ ಹಾದು ರೋಗಿಗೆ ಮುಟ್ಟಿದೆ. ನೋಡಿದವರಿಗೆ ಭೇಟಿಗೇ ಸೇರಿದಂತೆ ಕಾಣುತ್ತದೆ, ಅದಕ್ಕೇ ಇಷ್ಟು ದಿನ ಯಾರೂ ಕೇಳಿರಲಿಲ್ಲ. ಎಂಟು ವರ್ಷ! ನೂರಾರು ಜನರಿಗೆ ಕಲಿಸಿದ್ದೇನೆ!

ನಗು ತಡೆಯಲಾಗಲಿಲ್ಲ. ಕುರ್ಚಿ ಹಿಡಿದುಕೊಂಡು ನಕ್ಕೆ. ಸಂಗಣ್ಣನವರೂ ನಕ್ಕರು. ಇಷ್ಟು ಖುಷಿಯಿಂದ ತಪ್ಪು ಒಪ್ಪಿಕೊಂಡಿದ್ದು ನೆನಪಿಲ್ಲ.

ಜೂನ್ 24

ಈಗ ಎಲ್ಲರಿಗೂ ದಾರವೇ ಬೇಕು. ಕುರ್ಚಿ ಸರಿಸಿ ನೆಲದ ಮೇಲೆ ಕೂರುತ್ತಾರೆ. ಒಬ್ಬರು ಕಟ್ಟುವುದು, ಇನ್ನೊಬ್ಬರು ಕಣ್ಣು ಮುಚ್ಚಿ ತಪ್ಪು ಹುಡುಕುವುದು. ವೈಭವ್ ಬಾಗಿಲಲ್ಲಿ ನಿಂತು, ಇದೇನೆಂದು ತೆಲುಗಿನಲ್ಲಿ, "ಏಮಿಟಿ ಮೇಡಂ ಇದಿ? ಡೇಟಾಬೇಸಾ, ಸ್ವೆಟರಾ?" ಎಂದ. ಹತ್ತು ನಿಮಿಷದ ಮೇಲೆ ನೋಡಿದರೆ ಅವನೂ ಚಕ್ಕಳಮಕ್ಕಳ ಹಾಕಿ ಕೂತಿದ್ದ.

ಜುಲೈ 2

ಬ್ಯಾಂಕಿನಿಂದ ಪತ್ರ. ಸಂಗಣ್ಣನವರಿಗೆ ಡಿಸೈನ್ ಪ್ರಶ್ನೆಯಿಂದ ವಿನಾಯಿತಿ. ಉಳಿದ ಅರವತ್ತಕ್ಕೇ ಲೆಕ್ಕ. "ಒಳ್ಳೇದಾಯ್ತಲ್ರಿ, ತಗೊಂಡ್ಬಿಡ್ರಿ," ಅಂದೆ.

ಅವರ ಮುಖ ಬಿಗಿಯಿತು. "ನಾಳೆ ಆ ಸೀಟಿನ್ಯಾಗ ಕುಂತಾಗ ಕೆಲಸದಾಗೂ ವಿನಾಯ್ತಿ ಕೊಡ್ತಾರೇನ್ರಿ? ನೀವೂ ಹಿಂಗ ಅಂದ್ರ..."

ಕೋಲು ತಗೊಂಡು ಎದ್ದು ಹೋದರು.

ಜುಲೈ 7

ಮೂರು ಕ್ಲಾಸಿಗೆ ಬರಲಿಲ್ಲ. ಇಂದು ಬಂದರು. ಬಾಗಿಲಲ್ಲೇ ಎದುರಾಗಿ, "ತಪ್ಪಾತ್ರಿ ಸಂಗಣ್ಣನವರ," ಅಂದೆ. "ನಾನೂ ಸಿಟ್ಟಿನ್ಯಾಗ ಎದ್ದ್ ಹೋಗಬಾರದಿತ್ರಿ," ಅಂದರು. ಇಬ್ಬರೂ ಕೂತು ಬ್ಯಾಂಕಿಗೆ ಕಾಗದ ಬರೆದೆವು: ವಿನಾಯಿತಿ ಬೇಡ, ಪ್ರಶ್ನೆ ಕೊಡಿ, ರಟ್ಟು-ದಾರ ತರಲು ಬಿಡಿ.

ಜುಲೈ 17

ಒಪ್ಪಿದರು! ಒಪ್ಪಿದರು! ಅತ್ತೆ ಕೇಳಿದ ತಕ್ಷಣ ಹೊಸ ದಾರಕ್ಕೆ ಗಂಟು ಹಾಕಲು ಕೂತರು.

ಜುಲೈ 20, ಭಾನುವಾರ, ಮಧ್ಯಾಹ್ನ 2

ಪರೀಕ್ಷೆ ಮುಗಿದಿರಬೇಕು. ಊಟ ಸೇರುತ್ತಿಲ್ಲ. ನಾನು ಬರೆದ ಯಾವ ಪರೀಕ್ಷೆಗೂ ಹೀಗಾಗಿರಲಿಲ್ಲ.

ಆಗಸ್ಟ್ 8, ಶುಕ್ರವಾರ

ಕ್ಲಾಸಿನ ನಡುವೆ ಫೋನು. ಅವರ ಹೆಂಡತಿ ರೇಣುಕಾ. "ಅಕ್ಕಾರೀ, ಪಾಸ್ ಆಗ್ಯಾರ್ರೀ!" ಹಿಂದೆ ಸಂಗಣ್ಣನವರ ದನಿ: "ಒಂಬತ್ತು ಹೋಗ್ಯಾವ, ಅದನ್ನೂ ಹೇಳ!"

ಡಿಸೈನಿನಲ್ಲಿ ನಲವತ್ತಕ್ಕೆ ಮೂವತ್ತೊಂದು. ಸೋಮವಾರದಿಂದ ಹೊಸ ವಿಭಾಗ. ಅದರ ಸಂತೋಷ ಆಮೇಲಂತೆ. ಮೊದಲು ಒಂಬತ್ತು ಅಂಕದ ಜಗಳ. ಪ್ರಶ್ನೆ ಬ್ಯಾಂಕಿನ ಲಾಕರಿನದು. ಗ್ರಾಹಕ ಮತ್ತು ಲಾಕರಿನ ನಡುವೆ ಇವರು ಇನ್ನೊಂದು ಟೇಬಲ್ ಇಟ್ಟಿದ್ದಾರೆ. ಅದು ಅನವಶ್ಯಕ ಎಂದು ಪರೀಕ್ಷಕರು ಅಂಕ ಕಳೆದಿದ್ದಾರೆ.

"ನಮ್ಮ ಲಾಕರ್ ನನ್ನ ಹೆಸರಿಗೂ ಐತಿ, ರೇಣುಕಾನ ಹೆಸರಿಗೂ ಐತ್ರಿ. ಅಕಿ ತಾಯಿ ಜೋಡಿ ಅಕಿದು ಇನ್ನೊಂದು ಐತಿ. ನಡುವ ಟೇಬಲ್ ಇಲ್ಲಂದ್ರ ಅಕಿನ್ನ ಎಲ್ಲಿ ಬರೀಲಿ? ನೀವ ಹೇಳ್ರಿ!"

ನೋಡಿ ಹೇಳ್ತೀನಿ ಅಂದೆ.

ರಾತ್ರಿ ಎಂಟು. ಊಟಕ್ಕೂ ಮೊದಲು ರಟ್ಟು ಹರಡಿಕೊಂಡು, ಅವರ ಡಿಸೈನನ್ನು ಮೊದಲಿಂದ ಕಟ್ಟಿ ನೋಡಿದೆ. ಒಂದು ಲಾಕರಿಗೆ ಇಬ್ಬರು. ಒಬ್ಬರಿಗೆ ಎರಡು ಲಾಕರು. ಆ ನಡುವಿನ ಟೇಬಲ್ ತೆಗೆದರೆ ನಿಲ್ಲುವುದೇ ಇಲ್ಲ. ಅತ್ತೆ ಊಟಕ್ಕೆ ಕರೆಯುತ್ತಿದ್ದಾರೆ. ಫೋನು ಬಡಿದುಕೊಳ್ಳುತ್ತಿದೆ — ಅವರೇ. ಎತ್ತಿದ ಕೂಡಲೇ ಹೇಳಿಬಿಡಬೇಕು, ಸಂಗಣ್ಣನವರ, ಆ ಒಂಬತ್ತೂ ನಿಮ್ಮವೇ ಅಂತ.