ಜವಾನನ ಮಾತು

ಅಕ್ಕಿಆಲೂರು

ಮೃತ್ಯುಂಜಯಪ್ಪನವರಿಗೆ ನಮಸ್ಕಾರ.

ನಮ್ಮ ನಾಟಕದಲ್ಲಿ ಇಪ್ಪತ್ತು ವರ್ಷ ನಾನು ನಾಯಕ, ನೀವು ಜವಾನ. ಆದರೂ “ಕುರ್ಚಿ ನಿಮ್ದು ಸಾಹೇಬ್ರ, ಊರು ನಮ್ದು” ಎಂಬ ನಿಮ್ಮ ಒಂದೇ ಮಾತಿಗೆ ಬೀಳುವ ಚಪ್ಪಾಳೆ ನನಗೆ ಎಂದೂ ಬೀಳಲಿಲ್ಲ. ಸವಣೂರಿನಲ್ಲಿ ಯಾರದೋ ದೂರು ಬಂದಿದೆ, ಆ ಮಾತು ತೆಗೆಯಿರಿ ಎಂದು ಅಧಿಕಾರಿ ಹೇಳಿದಾಗ ನಾನು ಒಳಗೊಳಗೇ ಹಿಗ್ಗಿದೆ. ನೀವು ಮಾತ್ರ “ಮಾತು ತಗದ್ರ ನಾ ಬಣ್ಣಾ ಹಚ್ಚಂಗಿಲ್ಲರಿ” ಎಂದಿರಿ. ಅಧಿಕಾರಿ ನಾಟಕವನ್ನೇ ನಿಷೇಧಿಸಿದ ಮೇಲೆ ಊರೂರು ತಿರುಗಿ ಅದರ ವಿರುದ್ಧ ಸಹಿ ಕೂಡಿಸಿದಿರಿ. ನನ್ನ ಹೆಂಡತಿ ವೇದಾ ಕೂಡ ಸಹಿ ಹಾಕಿ, “ನಟ ಅಂದ್ರ ಅವರು ನೋಡ್ರಿ” ಅಂದಳು. ಅವತ್ತು ನನಗೆ ಊಟ ಸೇರಲಿಲ್ಲ.

ಹೆಸರು ಹಾಕದೆ ಆ ದೂರು ಬರೆದವನು ನಾನು. ಸೋಮವಾರ ಹಿರೇಕೆರೂರಿನಲ್ಲಿ ನಡೆಯುವ ನಿಷೇಧದ ವಿಚಾರಣೆಗೆ ಈ ಪತ್ರ ತೆಗೆದುಕೊಂಡು ಹೋಗಿ. ದೂರಿನ ಪಕ್ಕ ಇಟ್ಟರೆ ಅಕ್ಷರ ಒಂದೇ ಎಂದು ಅವರಿಗೆ ತಿಳಿಯುತ್ತದೆ.

ಹೊಟ್ಟೆಕಿಚ್ಚು ಇನ್ನೂ ಆರದ,
ಧೀರೇಂದ್ರ