ಹಲ್ಲಿನ ಕತ್ತರಿಯ ಅಂಚು

ಮಾರ್ಚ್ ೯, ಭಾನುವಾರ

ಪ್ರಿಯ ಗುಳಿಗೆಪ್ಪ,

ನಿನ್ನ ಕಾಗದ ಕೈಸೇರಿ ಹತ್ತೊಂಬತ್ತು ದಿನವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮೆ ಕೇಳುವುದು ಮರ್ಯಾದೆ, ಕೇಳಿದ್ದೇನೆ. ಇದಕ್ಕೆ ಮುಂಚೆ ಎರಡು ಸಲ ಬರೆಯಲು ಕೂತು ಹರಿದುಹಾಕಿದೆ. ಆ ಎರಡರಲ್ಲೂ ‘ಪ್ರಿಯ’ ಇರಲಿಲ್ಲ. ಈ ಸಲ ಕೈ ತನ್ನಷ್ಟಕ್ಕೆ ಬರೆದುಬಿಟ್ಟಿತು. ಶಾಲೆಯ ಕಾಲದಿಂದ ಬಂದ ಅಭ್ಯಾಸ. ಹೊಡೆದುಹಾಕಲು ಹೋಗಲಿಲ್ಲ. ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ.

ಮೊದಲು ಸುದ್ದಿ. ನಿನ್ನ ತಂಗಿ ಬದುಕಿದ್ದಾಳೆ. ನನ್ನ ಹೆಂಡತಿಯನ್ನು ನೀನು ಇಷ್ಟು ವರ್ಷ ಹಾಗೇ ಕರೆದೆಯಲ್ಲ, ಅದಕ್ಕೇ ಹಾಗೆ ಬರೆದೆ. ಜ್ವರ ಬಿಟ್ಟು ಹದಿನೈದು ದಿನವಾಯಿತು. ಹೊಟ್ಟೆಗೆ ಹಾಕಿದ್ದ ನಳಿಕೆಗಳಲ್ಲಿ ಕೊನೆಯದನ್ನು ಗುರುವಾರ ತೆಗೆದರು. ಹದಿಮೂರು ಕೆ.ಜಿ. ಇಳಿದಿದ್ದಾಳೆ. ಕರುಳಿನ ತುದಿಯನ್ನು ಹೊಟ್ಟೆಯ ಎಡಗಡೆ ಹೊರಕ್ಕೆ ತಂದು ಚೀಲ ಅಂಟಿಸಿದ್ದಾರೆ. ಮೊದಲ ವಾರ ಅದನ್ನು ನೋಡಲು ಒಪ್ಪದೆ ಕಣ್ಣಿಗೆ ಸೆರಗು ಮುಚ್ಚಿಕೊಳ್ಳುತ್ತಿದ್ದಳು. ಮೊನ್ನೆ ತಾನೇ ಬದಲಾಯಿಸಿದಳು. “ಇದರ ಹೊಲಿಗೆ ಸರಿಯಿಲ್ಲ ಕಣ್ರೀ, ಅಂಚು ಒತ್ತುತ್ತೆ” ಅಂದಳು. ಇಪ್ಪತ್ತೈದು ವರ್ಷ ಬೇರೆಯವರ ರವಿಕೆ ಹೊಲಿದವಳು, ಅಷ್ಟಕ್ಕೆ ಬಂದಳೆಂದರೆ ಗುಣವಾಗುತ್ತಿದ್ದಾಳೆ ಎಂದೇ ಲೆಕ್ಕ. ಮುಂದಿನ ವಾರ ಮನೆಗೆ ಕಳಿಸುತ್ತಾರಂತೆ. ಮೂರು ತಿಂಗಳ ನಂತರ ಕರುಳನ್ನು ಮತ್ತೆ ಒಳಗೆ ಜೋಡಿಸುವ ಆಪರೇಷನ್ ಇದೆ. ಈ ಕಾಗದ ಬರೆಯುತ್ತಿರುವುದು ಆ ಆಪರೇಷನ್ನಿಗಾಗಿ. ಅದಕ್ಕೆ ಆಮೇಲೆ ಬರುತ್ತೇನೆ.

ನಿನ್ನ ನಾಲ್ಕು ಪುಟವನ್ನೂ ಓದಿದೆ, ಎರಡೆರಡು ಸಲ. ಮೂವತ್ತೊಂದು ವರ್ಷ ಪತ್ರಿಕೆಯಲ್ಲಿ ಪ್ರೂಫ್ ತಿದ್ದಿದವನು ಬೇರೆ ಹೇಗೆ ಓದಲಿ? ‘ಹೀಗಾಗಿಹೋಯಿತು’ ಎಂದು ಐದು ಕಡೆ ಬರೆದಿದ್ದೀಯ. ಮಳೆ ಬಂದಹಾಗೆ, ಕರೆಂಟು ಹೋದಹಾಗೆ. ಆದದ್ದು ಏನು ಎನ್ನುವುದು ಒಂದು ಕಡೆಯೂ ಇಲ್ಲ. ಇಲ್ಲದ್ದನ್ನು ನಾನು ಬರೆಯುತ್ತೇನೆ. ತಪ್ಪಿದ್ದರೆ ತಿದ್ದು.

ಜನವರಿ ಇಪ್ಪತ್ತೆಂಟು, ಮಂಗಳವಾರ, ಮಧ್ಯಾಹ್ನ. ಆಪರೇಷನ್ ಕೋಣೆಯ ಹೊರಗಿನ ಹಸಿರು ಬೆಂಚು. ನಾನು ಫೋನ್ ಮಾಡಿದ ಹತ್ತೇ ನಿಮಿಷಕ್ಕೆ ಅಂಗಡಿ ಬಾಗಿಲು ಎಳೆದು ಬಂದಿದ್ದೆ ನೀನು. ನನ್ನ ಕೈ ಹಿಡಿದುಕೊಂಡಿದ್ದೆ. ಸರ್ಜನ್ ಹೊರಗೆ ಬಂದರು, ಮಾಸ್ಕು ಒಂದು ಕಿವಿಯಲ್ಲಿ ನೇತಾಡುತ್ತಿತ್ತು. ದೊಡ್ಡ ಕರುಳಿನ ಗೋಡೆಯಲ್ಲಿ ಸಣ್ಣ ಚೀಲದಂಥ ಉಬ್ಬುಗಳಿವೆ, ಅದರಲ್ಲೊಂದು ಕೀವಾಗಿ ಒಡೆದು ಹೊಟ್ಟೆಯೊಳಗೆಲ್ಲ ಹರಡಿದೆ ಅಂದರು. ಆಮೇಲೆ ಕೇಳಿದರು: “ಕಳೆದ ಒಂದು ವರ್ಷದಲ್ಲಿ ಆ್ಯಂಟಿಬಯಾಟಿಕ್ ಏನಾದ್ರೂ ತಗೊಂಡಿದ್ದಾರಾ? ಸರಿಯಾಗಿ ಯೋಚನೆ ಮಾಡಿ ಹೇಳಿ. ಯಾವ ಔಷಧಿಯಿಂದ ಶುರು ಮಾಡ್ಬೇಕು ಅನ್ನೋದು ಅದರ ಮೇಲಿದೆ.”

ನಾನು ಯೋಚನೆಯನ್ನೇ ಮಾಡಲಿಲ್ಲ. “ಇಲ್ಲ ಡಾಕ್ಟ್ರೇ, ತಲೆನೋವಿಗೂ ಮಾತ್ರೆ ಮುಟ್ಟೋಳಲ್ಲ. ಬೇಕಾದ್ರೆ ಇವನನ್ನೇ ಕೇಳಿ, ನಮ್ಮನೆಗೆ ಔಷಧಿ ಬರೋದೆಲ್ಲ ಇವನ ಅಂಗಡಿಯಿಂದಲೇ” ಅಂದೆ. ನಿನ್ನ ಭುಜ ಬೇರೆ ತಟ್ಟಿದೆ. ಅವರು ನಿನ್ನ ಕಡೆ ನೋಡಿದರು.

“ಅಂಥದ್ದೇನೂ ಇಲ್ಲ ಡಾಕ್ಟ್ರೇ” ಅಂದೆ ನೀನು.

ಅವರು ಸಾಮಾನ್ಯವಾಗಿ ಕೊಡುವ ಔಷಧಿಯಿಂದಲೇ ಶುರು ಮಾಡಿದರು. ಮಂಗಳವಾರ, ಬುಧವಾರ, ಗುರುವಾರ, ಶುಕ್ರವಾರ. ಜ್ವರ ನೂರಾಮೂರರಿಂದ ಕೆಳಗಿಳಿಯಲಿಲ್ಲ. ನನ್ನ ಗುರುತು ಹಿಡಿಯದೆ “ಟೈಲರ್ ಅಂಗಡಿ ಇವತ್ತು ರಜೆ, ನಾಳೆ ಬನ್ನಿ” ಅಂದಳು. ಆ ನಾಲ್ಕು ದಿನವೂ ನೀನು ಬೆಳಿಗ್ಗೆ ಸಂಜೆ ಬಂದೆ. ಫ್ಲಾಸ್ಕಿನಲ್ಲಿ ನನಗೆ ಚಹಾ ತಂದೆ. ಹಾಸಿಗೆಗೆ ನೇತುಹಾಕಿದ ಚೀಟಿಯಲ್ಲಿ ಯಾವ ಔಷಧಿ ಕೊಡುತ್ತಿದ್ದಾರೆಂದು ದಿನವೂ ಓದಿದೆ. ಓದುವುದನ್ನು ನಾನು ನೋಡಿದ್ದೇನೆ. ಅದು ಏನು, ಅದೇ ಜಾತಿಯದು ಅವಳ ಹೊಟ್ಟೆಗೆ ಮೊದಲೇ ಎಷ್ಟು ಹೋಗಿದೆ ಎನ್ನುವುದು ಆ ಕಟ್ಟಡದಲ್ಲಿ ನಿನ್ನೊಬ್ಬನಿಗೆ ಗೊತ್ತಿತ್ತು. “ಚಹಾ ಆರೋಗತ್ತೆ, ಕುಡಿಯೋ” ಅಂದೆ ನೀನು.

ಶನಿವಾರ ಕೀವಿನ ಪರೀಕ್ಷೆಯ ವರದಿ ಬಂತು. ಒಂದು ಪುಟ. ಎಡಗಡೆ ಔಷಧಿಗಳ ಹೆಸರು, ಬಲಗಡೆ ಒಂದೊಂದು ಅಕ್ಷರ. ರೋಗಾಣು ಆ ಔಷಧಿಯ ಮಾತು ಕೇಳುತ್ತದೆ ಅಂದರೆ ಎಸ್, ಕೇಳುವುದಿಲ್ಲ ಅಂದರೆ ಆರ್. ಹದಿನಾಲ್ಕು ಔಷಧಿಗಳಲ್ಲಿ ಹನ್ನೊಂದರ ಮುಂದೆ ಆರ್ ಇತ್ತು. ಅಚ್ಚಿನ ತಪ್ಪಿರಬೇಕು ಎನ್ನುವುದೇ ನನಗೆ ಮೊದಲು ಹೊಳೆದದ್ದು. ಸರ್ಜನ್ ಬೆರಳಿಟ್ಟು ತೋರಿಸಿದರು. “ನಾಲ್ಕು ದಿನದಿಂದ ಕೊಡ್ತಿರೋದು ಇದು. ಈ ರೋಗಾಣುವಿಗೆ ಇದು ನೀರಿದ್ದ ಹಾಗೆ. ಆಸ್ಪತ್ರೆಗೇ ಹೋಗದ ಹೆಂಗಸಿನ ಹೊಟ್ಟೆಯಲ್ಲಿ ಇಂಥದ್ದು ಸುಮ್ಮನೆ ಬರೋದು ಕಡಿಮೆ. ಇನ್ನೊಂದ್ಸಲ ಕೇಳ್ತೀನಿ, ಏನೂ ತಗೊಂಡಿಲ್ವಾ?” ಇನ್ನೊಂದು ಸಲ ಹೇಳಿದೆ, ಇಲ್ಲ ಎಂದು. ಈ ಸಲ ಸ್ವಲ್ಪ ಸಿಟ್ಟಿನಿಂದಲೇ ಹೇಳಿದೆ. ಔಷಧಿ ಬದಲಾಯಿಸಿದರು. ಸಂಜೆ ಮತ್ತೆ ಹೊಟ್ಟೆ ತೆರೆದು ತೊಳೆದರು.

ಮರುದಿನ ಅವಳ ಕನ್ನಡಕ ತರಲು ಮನೆಗೆ ಹೋಗಿದ್ದೆ. ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಇಟ್ಟಿರುತ್ತಾಳೆ. ನಾನು ಎಂದೂ ಆ ಡ್ರಾಯರ್ ತೆಗೆದವನಲ್ಲ. ಗುಂಡಿಯ ಡಬ್ಬಿಯಲ್ಲಿ ಗುಂಡಿಯ ಕೆಳಗೆ ಖಾಲಿ ಸ್ಟ್ರಿಪ್ಪಿನ ತುಂಡುಗಳು. ಎರಡು ಮಾತ್ರೆಯದು, ನಾಲ್ಕು ಮಾತ್ರೆಯದು. ಒಟ್ಟು ಇಪ್ಪತ್ತಮೂರು ತುಂಡು. ಎಲ್ಲದರ ಅಂಚೂ ಹಲ್ಲುಹಲ್ಲು.

ಆ ಕತ್ತರಿ ಅವಳದ್ದೇ. ಬಟ್ಟೆಯ ಎಳೆ ಬಿಡದಂತೆ ಅಂಚು ಕತ್ತರಿಸುವ ಹಲ್ಲಿನ ಕತ್ತರಿ. ಬಟ್ಟೆಗೆ ಮೊಂಡಾಯಿತು, ಮಾತ್ರೆಯ ಸ್ಟ್ರಿಪ್ ಕತ್ತರಿಸಲು ಸಾಕೆಂದು ನಿನ್ನ ಅಂಗಡಿಗೆ ಕೊಟ್ಟಳು. “ನೋಡಮ್ಮ, ಇನ್ನು ನನ್ನ ಮಾತ್ರೆಗೂ ಜರಿ ಅಂಚು” ಎಂದು ನೀನು ನಗಾಡಿದ್ದೆ. ಊರಿನಲ್ಲಿ ಎಷ್ಟು ಔಷಧಿ ಅಂಗಡಿಯಿದ್ದರೂ ಜರಿ ಅಂಚಿನ ಮಾತ್ರೆ ಕೊಡುವುದು ಒಂದೇ. ಇಪ್ಪತ್ತಮೂರು ತುಂಡನ್ನೂ ಊಟದ ಮೇಜಿನ ಮೇಲೆ ಹರಡಿ, ಅರ್ಧರ್ಧ ಕತ್ತರಿಸಿದ ಹೆಸರುಗಳನ್ನು ಜೋಡಿಸಿ ಓದಿದೆ. ನಾಲ್ಕು ಔಷಧಿ. ಮೂರು ಆ ವರದಿಯಲ್ಲಿದ್ದವು, ಆರ್ ಎಂದು.

ನಿನ್ನ ಅಂಗಡಿಗೆ ಬಂದು ಗಾಜಿನ ಕೌಂಟರಿನ ಮೇಲೆ ಅವನ್ನು ಸುರಿದಾಗ ನೀನು ಹೇಳಿದ್ದು: “ಅವಳೇ ಹೇಳಬೇಡ ಅಂದಿದ್ಳು ಕಣೋ. ಆಣೆ ಹಾಕಿಸ್ಕೊಂಡಿದ್ಳು. ಎರಡು ದಿನ ತಗೊಂಡ್ರೆ ನೋವು ಹೋಗ್ತಿತ್ತು, ನಿಲ್ಲಿಸ್ತಿದ್ಳು. ನಾನೇನು ವಿಷ ಕೊಟ್ನಾ?” ನೀನು ಕೈಯೂರಿದ್ದ ಗಾಜಿನ ಮೇಲೇ ನಮ್ಮ ಪತ್ರಿಕೆಯ ಕಟಿಂಗ್ ಅಂಟಿಸಿತ್ತು. ಬೇಕಾಬಿಟ್ಟಿ ಆ್ಯಂಟಿಬಯಾಟಿಕ್ ನುಂಗಿದರೆ ರೋಗಾಣು ಪಳಗುತ್ತದೆ, ಮುಂದೆ ಔಷಧಿ ನಾಟುವುದಿಲ್ಲ ಎಂಬ ಲೇಖನ. ಅದರ ಪ್ರೂಫ್ ತಿದ್ದಿದವನು ನಾನು. ಅಂಟಿಸಿದವನು ನೀನು. ಅದರ ಹಿಂದೆ ಕೂತು ಕತ್ತರಿಸಿದವನೂ ನೀನೇ. ಇನ್ನು ಆಸ್ಪತ್ರೆಯ ಕಡೆ ತಲೆ ಹಾಕಬೇಡ ಎಂದು ಹೇಳಿ ಹೊರಟೆ. ಆ ತುಂಡುಗಳನ್ನು ಸರ್ಜನ್ನಿಗೆ ಕೊಟ್ಟೆ.

“ಮೊದಲ ದಿನವೇ ಗೊತ್ತಾಗಿದ್ರೆ ಎರಡನೇ ಆಪರೇಷನ್ ತಪ್ಪುತ್ತಿತ್ತಾ?” ಎಂದು ಕೇಳಿದೆ. ಅವರು ನ್ಯಾಯವಾಗಿಯೇ ಮಾತಾಡಿದರು. “ಖಂಡಿತ ಅಂತ ಹೇಳಕ್ಕಾಗಲ್ಲ. ಬೇರೆ ಔಷಧಿಯಿಂದ ಶುರು ಮಾಡ್ತಿದ್ದೆ. ತಪ್ಪಬಹುದಿತ್ತು.” ಅವರು ಹೇಳಿದಷ್ಟನ್ನೇ ಬರೆದಿದ್ದೇನೆ, ಒಂದು ಅಕ್ಷರ ಜಾಸ್ತಿ ಮಾಡಿಲ್ಲ.

ಮಾತ್ರೆ ಕೊಟ್ಟಿದ್ದನ್ನು ನಾನು ಮರೆಯಬಹುದೇನೋ. ನಿನ್ನ ಬೀದಿಯಲ್ಲಿ ಡಾಕ್ಟರ ಚೀಟಿಯಿಲ್ಲದೆ ಹಾಗೆ ಕೇಳಿ ಪಡೆಯದವರು ಯಾರು? ಆದರೆ ಆ ಬೆಂಚಿನ ಮೇಲೆ, ನನ್ನ ಕೈ ನಿನ್ನ ಕೈಯಲ್ಲಿದ್ದಾಗ, ಒಳಗೆ ಅವಳ ಹೊಟ್ಟೆ ತೆರೆದಿದ್ದಾಗ, ನೀನು ಮೂರು ಪದ ಹೇಳಿದೆ. ಯಾರಿಗೆ ಹೆದರಿ? ಲೈಸೆನ್ಸಿಗೋ? ನನಗೋ? ಒಂದು ವರ್ಷ ಅವಳ ನೋವು ನಿನಗೆ ಗೊತ್ತಿತ್ತು, ಒಂದೇ ಮನೆಯಲ್ಲಿ ಮಲಗುವ ನನಗೆ ಗೊತ್ತಿರಲಿಲ್ಲ. ವಾರಕ್ಕೆರಡು ಸಲ ನಮ್ಮ ಮೇಜಿಗೆ ಬಂದು ಕೂತು ಇಬ್ಬರೂ ನನ್ನ ಮುಂದೆ ಹವಾಮಾನ ಮಾತಾಡಿದಿರಿ. ಅವಳ ಮೇಲೆ ಸಿಟ್ಟು ಮಾಡಲು ಅವಳಿನ್ನೂ ಗಟ್ಟಿಯಾಗಿಲ್ಲ. ಅವಳ ಪಾಲಿನದೂ ನಿನಗೇ ಬರುತ್ತಿದೆ. ಅದು ನ್ಯಾಯವಲ್ಲ, ಗೊತ್ತು.

ಈಗ ಕೆಲಸದ ಮಾತು. ಮುಂದಿನ ಆಪರೇಷನ್ನಿಗೆ ಮುಂಚೆ ಸರ್ಜನ್ನಿಗೆ ಪೂರ್ತಿ ಪಟ್ಟಿ ಬೇಕು. ಯಾವ ಔಷಧಿ, ಯಾವ ತಿಂಗಳು, ಎಷ್ಟು ದಿನಕ್ಕೆ. ನನಗೆ ಸಿಕ್ಕಿದ್ದು ಇಪ್ಪತ್ತಮೂರು, ಎಸೆದದ್ದು ಎಷ್ಟೋ. ಅವಳಿಗೆ ಹೆಸರು ಗೊತ್ತಿಲ್ಲ, “ಹಳದಿದು, ಉದ್ದಂದು” ಅನ್ನುತ್ತಾಳೆ. ನಿನ್ನ ಕಾಗದದಲ್ಲಿ ಅದೊಂದು ಬಿಟ್ಟು ಎಲ್ಲ ಇದೆ. ನಿನ್ನ ಕೈಬರಹದಲ್ಲಿ, ಸಹಿ ಹಾಕಿ ಬರೆದುಕೊಡು. ಅಂಗಡಿಗೆ ತೊಂದರೆಯಾದೀತೆಂದು ಹೆದರಿಕೆ ಇದ್ದೇ ಇರುತ್ತದೆ. ಹೆದರಿಕೊಂಡೇ ಬರೆ.

ನಿನ್ನ ಮಗಳು ಪರೀಕ್ಷೆಗೆ ಓದುತ್ತಿದ್ದಾಳೆಂದು ನನ್ನ ಮಗಳು ಹೇಳಿದಳು. ಚೆನ್ನಾಗಿ ಬರೆಯಲಿ, ಒಳ್ಳೆಯದಾಗಲಿ. ಈ ಮಾವನ ಆಶೀರ್ವಾದ ತಿಳಿಸು. ಅವಳಿಗೂ ಇದಕ್ಕೂ ಸಂಬಂಧವಿಲ್ಲ.

ಇತಿ,
ನಿನ್ನ ಕಾಗುಣಿತ
(ಈ ಹೆಸರಿಟ್ಟವನೂ ನೀನೇ, ಬೇರೆ ಸಹಿ ಹಾಕಲು ಬರಲಿಲ್ಲ)

ಮರೆತ ಮಾತು: ಮಾರ್ಚ್ ೧೨, ಬುಧವಾರ.

ಮೇಲಿನದನ್ನು ಬರೆದು ಮೂರು ದಿನ ಜೇಬಿನಲ್ಲೇ ಇಟ್ಟುಕೊಂಡಿದ್ದೆ. ಇವತ್ತು ಸಂಜೆ ಅವಳಿಗೆ ತಲೆ ಬಾಚುತ್ತಾ ಕೇಳಿಯೇಬಿಟ್ಟೆ: “ಅವನಿಗೆ ಹೇಳಿದೆ, ನನಗೇಕೆ ಹೇಳಲಿಲ್ಲ?”

“ನಿಮಗೇ ಮೊದಲು ಹೇಳಿದ್ದು” ಅಂದಳು. “ಹೋದ ವರ್ಷ, ಚುನಾವಣೆ ಫಲಿತಾಂಶದ ಪುಟ ಮನೆಗೆ ತಂದು ತಿದ್ತಿದ್ರಲ್ಲ, ಅವತ್ತು. ಎಡಗಡೆ ಹೊಟ್ಟೆ ಚುಚ್ಚುತ್ತೆ ರೀ ಅಂದೆ. ತಲೆ ಎತ್ತಲಿಲ್ಲ. ‘ಗುಳಿಗೆಪ್ಪನ ಹತ್ರ ಏನಾದ್ರೂ ಇಸ್ಕೋ’ ಅಂದ್ರಿ. ಇನ್ನೊಂದ್ಸಲ ನೋವು ಬಂದಾಗಲೂ ಹೇಳಿದೆ. ‘ಮೊನ್ನೆ ತಾನೇ ಹೇಳಿದ್ನಲ್ಲ’ ಅಂದ್ರಿ. ಆಮೇಲೆ ಹೇಳೋದು ಬಿಟ್ಟೆ. ನಿಮಗೆ ಹೇಳಬೇಡ ಅಂತ ಅಣ್ಣಂಗೂ ಅಂದೆ.”

“ನಾನೇ ಕಳಿಸಿದ್ದು ಅಂತ ಅವನಿಗೆ ಗೊತ್ತಾ?”

“ಮೊದಲ ದಿನವೇ ಹೇಳಿದ್ದೆ. ‘ಅವರೇ ಕಳಿಸಿದ್ದಾರೆ’ ಅಂತ.”

ನಾಲ್ಕು ಪುಟ ಬರೆದೆ, ಇದೊಂದನ್ನು ನೀನು ಬರೆಯಲಿಲ್ಲ. ಗಾಜಿನ ಮುಂದೆ ನಾನು ಕೂಗಾಡಿದಾಗಲೂ ಹೇಳಲಿಲ್ಲ. ನನ್ನನ್ನು ಉಳಿಸಲು ಸುಮ್ಮನಿದ್ದೆಯಾದರೆ, ನನಗೆ ಅದು ಬೇಕಿರಲಿಲ್ಲ. ನೀನು ಸುಮ್ಮನಿದ್ದಾಗಲೆಲ್ಲ ಯಾರಿಗೂ ಒಳ್ಳೆಯದಾಗಿಲ್ಲ. ಬೆಂಚಿನ ಮೇಲೆ ನೀನು ಹೇಳಿದ ಸುಳ್ಳು ಸುಳ್ಳೇ, ಮೇಲೆ ಬರೆದದ್ದರಲ್ಲಿ ಒಂದು ಸಾಲನ್ನೂ ಹೊಡೆಯುವುದಿಲ್ಲ. ಪಟ್ಟಿಯನ್ನು ಅಂಚೆಗೆ ಹಾಕಬೇಡ, ತಂದುಕೊಡು. ಭೇಟಿಯ ಸಮಯ ನಾಲ್ಕರಿಂದ ಆರು. ಅಣ್ಣ ಯಾಕೆ ಬರಲಿಲ್ಲ ಎಂದು ದಿನಾ ಕೇಳುತ್ತಾಳೆ. ಪಟ್ಟಿಯ ಮೊದಲ ಸಾಲಿನಲ್ಲಿ ‘ಗಂಡ ಕಳಿಸಿದ್ದು’ ಎಂದು ಬರೆ.

ಅವಳು ಹೇಳಿದ ಆ ದಿನವನ್ನು ನೆನಪಿಸಿಕೊಳ್ಳಲು ಸಂಜೆಯಿಂದ ಪ್ರಯತ್ನಿಸುತ್ತಿದ್ದೇನೆ. ಅವಳು ಎಲ್ಲಿ ನಿಂತಿದ್ದಳು, ಕೈ ಹೊಟ್ಟೆಯ ಮೇಲಿತ್ತೇ, ದನಿ ಹೇಗಿತ್ತು, ಒಂದೂ ನೆನಪಿಗೆ ಬರುತ್ತಿಲ್ಲ. ಆ ಪುಟದ ಎರಡನೇ ಕಾಲಮ್ಮಿನಲ್ಲಿ ೪೧೭ ಆಗಬೇಕಾದದ್ದು ೪೭೧ ಆಗಿತ್ತು. ಅದು ನೆನಪಿದೆ.